ತೊಟ್ಟ ಗೇರ್, ಆಯ್ದ ಟ್ಯಾಲೆಂಟ್: ಹೀಲರ್‌ಗಳ ಗುಣಾಕಾರ

40 ಜನ ಸೇರಿ ಗಂಟೆಗಟ್ಟಲೆ ಹೆಣಗಿ ಒಬ್ಬ ಬಾಸ್‌ನನ್ನು ಕೆಡವಿದರೂ ಕೈಗೆ ಬರುವುದು ಬೆರಳೆಣಿಕೆಯ ಸಾಮಾನು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಆರಂಭದ ರೇಡ್‌ಗಳು ಹಾಗೇ ಇದ್ದವು. ಮೋಲ್ಟನ್ ಕೋರ್‌ನ ಕೊನೆಯ ಬಾಸ್ ರಾಗ್ನರಾಸ್ ಉರುಳಿದಾಗ ಪ್ರೀಸ್ಟ್‌ಗಳ ಎರಡನೇ ಸೆಟ್‌ಗೆ ಸೇರಿದ ಕಾಲುಡುಗೆ ಬಿತ್ತು ಎನ್ನಿ. ಕೇಳುವವರು ಹಲವರು, ಇರುವುದು ಒಂದೇ. ಅದು ಯಾರ ಪಾಲಿಗೆ ಬಂತೋ ಅವರಿಗೂ ನೆಮ್ಮದಿಯಿಲ್ಲ. ಹೊಸದರ ಮೇಲಿನ ಅಂಕಿಗಳು ದೊಡ್ಡವು, ನಿಜ. ಆದರೆ ಹಳೆಯದನ್ನು ಬಿಚ್ಚಿದರೆ ಮೊದಲನೇ ಸೆಟ್‌ನ ಎಂಟು ತುಂಡುಗಳಲ್ಲಿ ಒಂದು ಕಡಿಮೆಯಾಗಿ, ಕಷ್ಟಪಟ್ಟು ಗಳಿಸಿದ ಸೆಟ್ ಬೋನಸ್ ಕೈತಪ್ಪುತ್ತದೆ. ತೊಡಬೇಕೋ ಬೇಡವೋ?

ಉತ್ತರ ಆ ಉಡುಗೆಯ ಮೇಲೆ ಬರೆದಿಲ್ಲ. ಅದು ಇರುವುದು ಆಟಗಾರರ ಟ್ಯಾಲೆಂಟ್ ಪುಟದಲ್ಲಿ. ಹೀಲರ್ ತೊಡುವ ಯಾವ ಗೇರ್‌ಗೂ ತನ್ನಷ್ಟಕ್ಕೆ ತಾನೇ ಬೆಲೆ ಇಲ್ಲ. ಆಯ್ದುಕೊಂಡ ಟ್ಯಾಲೆಂಟ್‌ಗಳು ಅದಕ್ಕೆ ಬೆಲೆ ಕಟ್ಟುತ್ತವೆ. ಇದು ಗೊತ್ತಿಲ್ಲದೆ ದೊಡ್ಡ ಅಂಕಿಯ ಹಿಂದೆ ಓಡಿದ ಹೀಲರ್‌ಗಳು ಒಳ್ಳೆಯ ಸಾಮಾನನ್ನು ತೊಟ್ಟೂ ಹಿಂದೆ ಬೀಳುತ್ತಾರೆ. ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಬ್ಲಿಝಾರ್ಡ್ ಕಂಪನಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನು ಬಿಡುಗಡೆ ಮಾಡಿದ್ದು 2004ರ ನವೆಂಬರ್ 23ರಂದು. ಗುಂಪಿನಲ್ಲಿ ಮೂರು ಬಗೆಯ ಕೆಲಸ: ಬಾಸ್‌ನ ಹೊಡೆತವನ್ನು ಮೈಮೇಲೆ ಎಳೆದುಕೊಂಡು ನಿಲ್ಲುವ ಟ್ಯಾಂಕ್, ಬಾಸ್‌ಗೆ ಹೊಡೆಯುವವರು, ಇವರೆಲ್ಲರ ಜೀವ ಕಾಯುವ ಹೀಲರ್. ಮೊದಲಿಗೆ ಪ್ರೀಸ್ಟ್, ಡ್ರೂಯಿಡ್, ಪ್ಯಾಲಡಿನ್, ಶಾಮನ್ ಎಂಬ ನಾಲ್ಕು ವರ್ಗದವರು ಹೀಲರ್ ಆಗಬಹುದಿತ್ತು. ಹೀಲ್ ಮಾಡಲು ಮಾನಾ ಬೇಕು, ಮಾನಾ ಖಾಲಿಯಾದರೆ ಹೀಲರ್ ಕೈಕಟ್ಟಿ ನಿಲ್ಲಬೇಕು. 10ನೇ ಲೆವೆಲ್‌ನಿಂದ 60ರವರೆಗೆ ಲೆವೆಲ್‌ಗೆ ಒಂದರಂತೆ ಒಟ್ಟು 51 ಟ್ಯಾಲೆಂಟ್ ಪಾಯಿಂಟ್ ಸಿಗುತ್ತಿದ್ದವು. ಅವನ್ನು ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ನಿಮ್ಮ ಮಂತ್ರಗಳ ಸ್ವಭಾವ ಬದಲಾಗುತ್ತಿತ್ತು. ಗೇರ್ ಎಂದರೆ ತಲೆಯಿಂದ ಕಾಲಿನವರೆಗೆ ತೊಡುವ ಎಲ್ಲವೂ. 2019ರ ಆಗಸ್ಟ್‌ನಲ್ಲಿ ಇದೇ ಹಳೆಯ ಆಟ ಕ್ಲಾಸಿಕ್ ಎಂಬ ಹೆಸರಲ್ಲಿ ಮರಳಿ ಬಂದದ್ದರಿಂದ ಆ ಕಾಲದ ಲೆಕ್ಕಗಳಿಗೆ ಇಂದಿಗೂ ಬಳಕೆಯಿದೆ.

ಅದೇ ಗೇರ್, 20% ಹೆಚ್ಚು ಫಲ

ಅತ್ಯಂತ ಸರಳವಾದದ್ದರಿಂದ ಶುರು ಮಾಡೋಣ. ಗೇರ್ ಮೇಲೆ ‘ಹೀಲಿಂಗ್ 700ರಷ್ಟು ಹೆಚ್ಚುತ್ತದೆ’ ಎಂದು ಒಟ್ಟಾರೆ ಬರೆದಿದ್ದರೆ, ಪ್ರತಿ ಹೀಲ್‌ಗೂ 700 ಸೇರುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಹಾಗಿಲ್ಲ. ಮಂತ್ರ ಹಾಕಲು ಹಿಡಿಯುವ ಕಾಲವನ್ನು 3.5 ಸೆಕೆಂಡಿನಿಂದ ಭಾಗಿಸಿದರೆ ಎಷ್ಟು ಬರುತ್ತದೋ ಅಷ್ಟು ಪಾಲು ಮಾತ್ರ ಸೇರುತ್ತದೆ. ಪ್ರೀಸ್ಟ್‌ನ ಗ್ರೇಟರ್ ಹೀಲ್‌ನ ಮೂಲ ಕಾಲ 3 ಸೆಕೆಂಡು. ಅದರ ಪಾಲು 85.7%. ಅಂದರೆ 700ರಲ್ಲಿ 600. ಫ್ಲಾಶ್ ಹೀಲ್ 1.5 ಸೆಕೆಂಡಿನದು, ಅದಕ್ಕೆ 300. ಸೆಕೆಂಡಿನ ಲೆಕ್ಕದಲ್ಲಿ ಎರಡಕ್ಕೂ 200 ಬಂತು. ಆಟ ಕಟ್ಟಿದವರು ಇಲ್ಲಿ ನ್ಯಾಯವಾಗಿಯೇ ಹಂಚಿದ್ದಾರೆ.

ಈಗ ಟ್ಯಾಲೆಂಟ್ ತನ್ನಿ. ಡಿವೈನ್ ಫ್ಯೂರಿ ಎಂಬ ಟ್ಯಾಲೆಂಟ್‌ಗೆ ಐದು ಪಾಯಿಂಟ್ ಹಾಕಿದರೆ ಗ್ರೇಟರ್ ಹೀಲ್ 3ರ ಬದಲು 2.5 ಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ಗೇರ್‌ನ ಪಾಲನ್ನು ಆಟ ಎಣಿಸುವುದು ಮೂಲ ಕಾಲವಾದ 3 ಸೆಕೆಂಡನ್ನೇ ಹಿಡಿದು. ಆ 600 ಹಾಗೇ ಉಳಿಯಿತು, ಕಾಲ ಮಾತ್ರ ಇಳಿಯಿತು. ಸೆಕೆಂಡಿಗೆ 200 ಇದ್ದದ್ದು 240 ಆಯಿತು. ಒಂದು ನೂಲೂ ಬದಲಾಗಿಲ್ಲ, ಆದರೆ ಮೈಮೇಲಿನ ಗೇರ್ 20% ಹೆಚ್ಚು ಫಲ ಕೊಡುತ್ತಿದೆ. ಡಿವೈನ್ ಫ್ಯೂರಿ ಇಲ್ಲದ ಪ್ರೀಸ್ಟ್ ಅದೇ ಉಡುಗೆ ತೊಟ್ಟರೂ ಈ ಲಾಭ ಕಾಣುವುದಿಲ್ಲ. ಗೇರ್ ಚೆನ್ನಾಗಿದ್ದಷ್ಟೂ ಈ ಟ್ಯಾಲೆಂಟ್‌ನ ತೂಕ ಏರುತ್ತದೆ, ಟ್ಯಾಲೆಂಟ್ ಇದ್ದಷ್ಟೂ ಗೇರ್‌ನ ತೂಕ ಏರುತ್ತದೆ.

ಮಾನಾದ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಮಾನಾ ಖರ್ಚು ಮಾಡಿದ ಮೇಲೆ ಐದು ಸೆಕೆಂಡು, ಗೇರ್ ಹೆಚ್ಚಿಸುವ ಸ್ಪಿರಿಟ್ ಎಂಬ ಗುಣದಿಂದ ಬರುವ ಮಾನಾ ನಿಂತುಬಿಡುತ್ತದೆ. ಬಿಡುವಿಲ್ಲದೆ ಹೀಲ್ ಮಾಡುತ್ತಿದ್ದರೆ ಸ್ಪಿರಿಟ್ ಎಷ್ಟಿದ್ದರೂ ದಂಡ. ಪ್ರೀಸ್ಟ್‌ಗೆ ಮೆಡಿಟೇಶನ್ ಎಂಬ ಟ್ಯಾಲೆಂಟ್ ಇದೆ: ಮೂರು ಪಾಯಿಂಟ್ ಹಾಕಿದರೆ ಆ ಐದು ಸೆಕೆಂಡಿನಲ್ಲೂ 15% ಮಾನಾ ಹರಿಯುತ್ತಿರುತ್ತದೆ. ಎರಡನೇ ಸೆಟ್ ಆದ ಟ್ರಾನ್ಸೆಂಡೆನ್ಸ್‌ನ ಮೂರು ತುಂಡು ತೊಟ್ಟರೂ ಸಿಗುವುದು ಇದೇ 15%. ಎರಡೂ ಕೂಡಿ 30%. ಸುಮ್ಮನಿದ್ದಾಗ ಎರಡು ಸೆಕೆಂಡಿಗೊಮ್ಮೆ 100 ಮಾನಾ ಬರುವ ಪ್ರೀಸ್ಟ್ ಆರು ನಿಮಿಷದ ಕಾಳಗದಲ್ಲಿ ಒಂದೇ ಸಮ ಹೀಲ್ ಮಾಡಿದರೆ, ಸೆಟ್‌ನ ಮೂರು ತುಂಡು ಅವರಿಗೆ 2,700 ಮಾನಾ ಹೆಚ್ಚಿಗೆ ತಂದುಕೊಡುತ್ತವೆ.

ಇಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ಸ್ಪಿರಿಚುಯಲ್ ಗೈಡೆನ್ಸ್ ಎಂಬ ಇನ್ನೊಂದು ಟ್ಯಾಲೆಂಟ್ ಇದೆ. ಐದು ಪಾಯಿಂಟ್ ಹಾಕಿದರೆ ನಿಮ್ಮ ಸ್ಪಿರಿಟ್‌ನ 25% ಹೀಲಿಂಗ್ ಬಲವಾಗಿ ಸೇರುತ್ತದೆ. ಗೇರ್‌ನಲ್ಲಿ 100 ಸ್ಪಿರಿಟ್ ಇದ್ದರೆ 25 ಹೀಲಿಂಗ್ ಪುಕ್ಕಟೆ. ಹೀಗೆ ಈ ಮೂರೂ ಕೂಡಿದ ಪ್ರೀಸ್ಟ್‌ಗೆ ಯಾವುದೋ ಉಂಗುರದ ಮೇಲಿನ ಹತ್ತು ಸ್ಪಿರಿಟ್ ಬಿಡುವಿನಲ್ಲಿ ಮಾನಾ ತರುತ್ತದೆ, ಹೀಲ್ ಮಾಡುವಾಗಲೂ ಮಾನಾ ತರುತ್ತದೆ, ಹೀಲ್‌ನ ಗಾತ್ರವನ್ನೂ ಹೆಚ್ಚಿಸುತ್ತದೆ. ಅದೇ ಉಂಗುರ ಪ್ಯಾಲಡಿನ್ ಕೈಗೆ ಹೋದರೆ ಅದರ ಸ್ಪಿರಿಟ್‌ಗೆ ಹೆಚ್ಚೇನೂ ಕೆಲಸವಿಲ್ಲ. ಸಾಮಾನು ಹಂಚುವಾಗ ಗಿಲ್ಡ್‌ನ, ಅಂದರೆ ಆಟಗಾರರ ಸಂಘದ, ನಾಯಕರು ಇದನ್ನು ಗಮನಿಸದಿದ್ದರೆ ಇಡೀ ರೇಡ್‌ಗೆ ನಷ್ಟ.

ಪ್ಯಾಲಡಿನ್‌ಗೆ ಕ್ರಿಟ್ ಎಂದರೆ ಮಾನಾ

ಕ್ರಿಟ್ ಎಂದರೆ ಅದೃಷ್ಟದಿಂದ ಆಗೊಮ್ಮೆ ಈಗೊಮ್ಮೆ ಮಂತ್ರ ಜೋರಾಗಿ ಬೀಳುವುದು. ಕ್ರಿಟ್ ಬಿದ್ದರೆ ಹೀಲ್ ಒಂದೂವರೆ ಪಟ್ಟು ಆಗುತ್ತಿತ್ತು. ಕೇಳಲು ಚೆನ್ನ, ಆದರೆ ಹೀಲರ್‌ಗೆ ಅದು ಅಷ್ಟು ನಂಬಿಕೆಯ ಸಂಗತಿಯಲ್ಲ. ಟ್ಯಾಂಕ್‌ಗೆ ಬೇಕಿದ್ದದ್ದು 2,000 ಜೀವ. ಕ್ರಿಟ್ ಬಿದ್ದು 3,000 ಹೋದರೆ ಉಳಿದ 1,000 ಗಾಳಿಗೆ. ಇದನ್ನೇ ಓವರ್‌ಹೀಲ್ ಅನ್ನುತ್ತಾರೆ. ಹೊಡೆಯುವವರಿಗೆ ಪ್ರತಿ ಕ್ರಿಟ್ ಲಾಭವೇ, ಯಾಕೆಂದರೆ ಬಾಸ್‌ನ ಜೀವ ಲಕ್ಷಗಟ್ಟಲೆ ಇರುತ್ತದೆ. ಹೀಲರ್‌ಗೆ ಹಾಗಲ್ಲ.

ಆದರೆ ಪ್ಯಾಲಡಿನ್‌ಗೆ ಇಲ್ಯುಮಿನೇಶನ್ ಎಂಬ ಟ್ಯಾಲೆಂಟ್ ಇತ್ತು. ಐದು ಪಾಯಿಂಟ್ ಹಾಕಿದರೆ, ಹೀಲ್ ಕ್ರಿಟ್ ಆದಾಗಲೆಲ್ಲ ಆ ಮಂತ್ರದ ಮೂಲ ಮಾನಾ ಪೂರ್ತಿ ವಾಪಸ್. ಹೀಲ್ ಗಾಳಿಗೆ ಹೋದರೂ ಮಾನಾ ಮಾತ್ರ ಕೈಗೆ ಬರುತ್ತದೆ. ಹೋಲಿ ಲೈಟ್‌ನ ಒಂಬತ್ತನೇ ರ‍್ಯಾಂಕ್‌ಗೆ 660 ಮಾನಾ. 25% ಕ್ರಿಟ್ ಇರುವ ಪ್ಯಾಲಡಿನ್‌ಗೆ ಅದು ಸರಾಸರಿ 495ಕ್ಕೆ ಬೀಳುತ್ತದೆ. ಗೇರ್ ಮೇಲಿನ ಪ್ರತಿ 1% ಕ್ರಿಟ್ ಪ್ರತಿ ಹೋಲಿ ಲೈಟ್‌ನಲ್ಲಿ 6.6 ಮಾನಾ ಉಳಿಸುತ್ತದೆ. ಮುಂದಿನ ಹೀಲ್ ಖಂಡಿತ ಕ್ರಿಟ್ ಆಗುವಂತೆ ಮಾಡುವ ಡಿವೈನ್ ಫೇವರ್ ಜೊತೆಗಿದ್ದರೆ ಆ ಒಂದು ಹೀಲ್‌ನ ಮಾನಾ ಪೂರ್ತಿ ಮರಳಿತು. ಹೀಗಾಗಿ ಪ್ಯಾಲಡಿನ್‌ಗಳು ಕ್ರಿಟ್ ಇರುವ ಸಾಮಾನಿಗೆ ಹಟ ಹಿಡಿಯುತ್ತಿದ್ದುದರಲ್ಲಿ ಅರ್ಥವಿತ್ತು.

ಗೇರ್ ಬೆಳೆಯುತ್ತ ಹೋದಂತೆ ಕ್ರಿಟ್ ಏರಿತು, ಕ್ರಿಟ್ ಏರಿದಂತೆ ಪ್ಯಾಲಡಿನ್‌ನ ಮಾನಾ ಮುಗಿಯದ ಕೊಡವಾಯಿತು. ಬ್ಲಿಝಾರ್ಡ್ ಕೈಹಾಕಲೇಬೇಕಾಯಿತು. ಬರ್ನಿಂಗ್ ಕ್ರುಸೇಡ್ ವಿಸ್ತರಣೆಯ ಕಾಲದಲ್ಲಿ ವಾಪಸು ಬರುವ ಪಾಲನ್ನು 60%ಕ್ಕೆ ಇಳಿಸಿದರು. 2009ರ ಆಗಸ್ಟ್‌ನ 3.2 ಪ್ಯಾಚ್‌ನಲ್ಲಿ 30%ಕ್ಕೆ ತಂದರು. ಅದೇ 25% ಕ್ರಿಟ್ ಮೊದಲು ಖರ್ಚನ್ನು ಕಾಲುಭಾಗ ಇಳಿಸುತ್ತಿತ್ತು, ಕೊನೆಗೆ ಇಳಿಸಿದ್ದು 7.5% ಮಾತ್ರ. ಗೇರ್‌ನ ಒಂದು ಅಂಕಿಯನ್ನೂ ಮುಟ್ಟದೆ, ಒಂದು ಟ್ಯಾಲೆಂಟ್‌ನ ಸಾಲನ್ನು ತಿದ್ದಿ, ಸಾವಿರಾರು ಆಟಗಾರರ ಗೇರ್‌ನ ಬೆಲೆಯನ್ನೇ ಕಂಪನಿ ಬದಲಿಸಿತು.

ಪ್ರೀಸ್ಟ್‌ಗೂ ಕ್ರಿಟ್‌ನಿಂದ ಒಂದು ಉಪಯೋಗವಿತ್ತು. ಇನ್ಸ್ಪಿರೇಶನ್ ಟ್ಯಾಲೆಂಟ್ ಇದ್ದರೆ, ಕ್ರಿಟ್ ಹೀಲ್ ಪಡೆದವರ ರಕ್ಷಾಕವಚದ ಬಲ 15 ಸೆಕೆಂಡು 25% ಏರುತ್ತಿತ್ತು. ಮೊದಲ ಸೆಟ್ ಆದ ಪ್ರಾಫೆಸಿಯ ಎಂಟೂ ತುಂಡು ಸೇರಿದರೆ ಪ್ರೇಯರ್ ಆಫ್ ಹೀಲಿಂಗ್‌ಗೆ ಕ್ರಿಟ್ ಸಾಧ್ಯತೆ 25% ಹೆಚ್ಚುತ್ತಿತ್ತು. ಆದರೆ ಆ ಮಂತ್ರ ತಲುಪುವುದು ಹಾಕಿದವರ ಐದು ಜನರ ಗುಂಪಿಗೆ ಮಾತ್ರ. ಟ್ಯಾಂಕ್ ಇರುವ ಗುಂಪಿನಲ್ಲಿ ಆ ಪ್ರೀಸ್ಟ್ ಇದ್ದರೆ ಸೆಟ್ ಬೋನಸ್ ಮತ್ತು ಟ್ಯಾಲೆಂಟ್ ಕೈಕೈ ಹಿಡಿದು ದುಡಿಯುತ್ತವೆ; ದೂರ ನಿಂತು ಮಂತ್ರ ಹಾಕುವವರ ಗುಂಪಿನಲ್ಲಿ ಇದ್ದರೆ ಇನ್ಸ್ಪಿರೇಶನ್‌ನ ಪಾಲು ಬಹುಮಟ್ಟಿಗೆ ವ್ಯರ್ಥ. ಆರಂಭದಲ್ಲಿ ಹೇಳಿದ ಕಾಲುಡುಗೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ರೇಡ್ ನಾಯಕರು ನಿಮ್ಮನ್ನು ಯಾವ ಗುಂಪಿಗೆ ಹಾಕುತ್ತಾರೆ ಎಂದು ಕೇಳಿಕೊಳ್ಳದೆ ಪ್ರಾಫೆಸಿಯ ಎಂಟನೇ ತುಂಡನ್ನು ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಲಾಗದು.

ಒಂದರ ಕಾಲಿಗೆ ಇನ್ನೊಂದು ತೊಡರಿದಾಗ

ಗೇರ್ ಮತ್ತು ಟ್ಯಾಲೆಂಟ್ ಯಾವಾಗಲೂ ಒಂದಕ್ಕೊಂದು ನೆರವಾಗುತ್ತವೆ ಎಂದೇನಿಲ್ಲ. ಡ್ರೂಯಿಡ್‌ಗಳ ಸ್ಟಾರ್ಮ್‌ರೇಜ್ ಸೆಟ್ ಇದಕ್ಕೆ ಸೊಗಸಾದ ಉದಾಹರಣೆ. ಇದರ ಹೆಚ್ಚಿನ ತುಂಡುಗಳು ಬ್ಲ್ಯಾಕ್‌ವಿಂಗ್ ಲೇರ್ ರೇಡ್‌ನಲ್ಲಿ ಸಿಗುತ್ತವೆ.

ಐದು ತುಂಡಿನ ಬೋನಸ್ ರೀಗ್ರೋತ್ ಮಂತ್ರದ ಕಾಲವನ್ನು 0.2 ಸೆಕೆಂಡು ಇಳಿಸುತ್ತದೆ: 2 ಸೆಕೆಂಡಿನದು 1.8 ಆಗುತ್ತದೆ. ಟ್ಯಾಲೆಂಟ್‌ಗಳಲ್ಲಿ ನೇಚರ್ಸ್ ಗ್ರೇಸ್ ಇದೆ: ಕ್ರಿಟ್ ಬಿದ್ದರೆ ಮುಂದಿನ ಮಂತ್ರ ಅರ್ಧ ಸೆಕೆಂಡು ಬೇಗ. ಇಂಪ್ರೂವ್ಡ್ ರೀಗ್ರೋತ್ ಇದ್ದರೆ ರೀಗ್ರೋತ್‌ಗೆ ಕ್ರಿಟ್ ಸಾಧ್ಯತೆ 50% ಹೆಚ್ಚು. ಈ ಎರಡು ಟ್ಯಾಲೆಂಟ್ ಕೂಡಿದರೆ ಅರ್ಧಕ್ಕಿಂತ ಹೆಚ್ಚು ರೀಗ್ರೋತ್‌ಗಳು ಕ್ರಿಟ್ ಆಗಿ, ಮುಂದಿನದು 1.5 ಸೆಕೆಂಡಿನಲ್ಲಿ ಬರುತ್ತದೆ. ಇಲ್ಲಿಯವರೆಗೆ ಸರಿ. ಸೆಟ್ ಬೋನಸ್ ಸೇರಿಸಿದರೆ 1.3. ಆದರೆ ಒಂದು ಮಂತ್ರ ಶುರು ಮಾಡಿದ ಮೇಲೆ ಇನ್ನೊಂದನ್ನು ಶುರು ಮಾಡಲು 1.5 ಸೆಕೆಂಡು ಕಾಯಲೇಬೇಕು ಎಂಬ ನಿಯಮ ಆಟದಲ್ಲಿದೆ. ಆಟಗಾರರು ಇದನ್ನು ಜಿಸಿಡಿ ಎನ್ನುತ್ತಾರೆ. ಹೀಲ್ 0.2 ಸೆಕೆಂಡು ಮೊದಲೇ ತಲುಪುತ್ತದೆ, ಅದು ನಿಜ. ಆದರೆ ನಿಮಿಷಕ್ಕೆ ಹಾಕಬಹುದಾದ ರೀಗ್ರೋತ್‌ಗಳ ಸಂಖ್ಯೆ ಒಂದೂ ಏರುವುದಿಲ್ಲ. ಕ್ರಿಟ್ ಬೀಳದಿದ್ದಾಗ ಮಾತ್ರ ಆ ಬೋನಸ್‌ಗೆ ಪೂರ್ಣ ಬೆಲೆ. ಟ್ಯಾಲೆಂಟ್ ಚೆನ್ನಾಗಿದ್ದಷ್ಟೂ ಸೆಟ್ ಬೋನಸ್‌ನ ಬೆಲೆ ಇಳಿಯುವ ವಿಚಿತ್ರ ಇದು.

ಎಂಟು ತುಂಡಿನ ಬೋನಸ್ ಇನ್ನೂ ಸ್ವಾರಸ್ಯದ್ದು. ರಿಜುವೆನೇಶನ್ ಎಂಬ ಮಂತ್ರ ಒಂದೇ ಏಟಿಗೆ ಹೀಲ್ ಮಾಡುವುದಿಲ್ಲ. 12 ಸೆಕೆಂಡಿನವರೆಗೆ, ಮೂರು ಸೆಕೆಂಡಿಗೆ ಒಂದು ಟಿಕ್‌ನಂತೆ, ನಾಲ್ಕು ಟಿಕ್‌ಗಳಲ್ಲಿ ಜೀವ ತುಂಬುತ್ತದೆ. 11ನೇ ರ‍್ಯಾಂಕ್‌ನಲ್ಲಿ ಗೇರ್‌ನ ಬಲ ಬಿಟ್ಟು ಒಟ್ಟು 888, ಅಂದರೆ ಟಿಕ್‌ಗೆ 222. ಸ್ಟಾರ್ಮ್‌ರೇಜ್‌ನ ಎಂಟೂ ತುಂಡು ತೊಟ್ಟರೆ ಕಾಲಾವಧಿ ಮೂರು ಸೆಕೆಂಡು ಹೆಚ್ಚುತ್ತದೆ. ಮೂರು ಸೆಕೆಂಡು ಎಂದರೆ ಇನ್ನೊಂದು ಟಿಕ್. ಮಾನಾ ಅಷ್ಟೇ, ಹೀಲ್ 1,110. ಗೇರ್‌ನ ಹೀಲಿಂಗ್ ಬಲದ 20% ಪ್ರತಿ ಟಿಕ್‌ಗೂ ಸೇರುವುದರಿಂದ ಐದನೇ ಟಿಕ್‌ಗೂ ಆ ಪಾಲು ಸಿಗುತ್ತದೆ. ಉಳಿದ ಗೇರ್‌ನ ಒಟ್ಟು ಫಲವೂ 80%ರಿಂದ 100%ಕ್ಕೆ ಏರಿತು. ಆ ಕಾಲದ ಸೆಟ್ ಬೋನಸ್‌ಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದದ್ದನ್ನು ನಾನು ಕಂಡಿಲ್ಲ.

ಆದರೆ ಡ್ರೂಯಿಡ್‌ನ ಕೊನೆಯ ಟ್ಯಾಲೆಂಟ್ ಸ್ವಿಫ್ಟ್‌ಮೆಂಡ್ ಇದೆಯಲ್ಲ, ಅದು ಮೈಮೇಲಿರುವ ರಿಜುವೆನೇಶನ್ ಅನ್ನು ನುಂಗಿ ಆ ಕ್ಷಣಕ್ಕೇ ಹೀಲ್ ಕೊಡುತ್ತದೆ. ಎಷ್ಟು? ಅದರ ವಿವರಣೆಯಲ್ಲೇ ಬರೆದಿದೆ: 12 ಸೆಕೆಂಡಿನ ರಿಜುವೆನೇಶನ್‌ಗೆ ಸಮನಾದಷ್ಟು. ಸೆಟ್ ತೊಟ್ಟು 15 ಸೆಕೆಂಡು ಮಾಡಿಕೊಂಡರೂ ಸ್ವಿಫ್ಟ್‌ಮೆಂಡ್ ಕೊಡುವುದು 12 ಸೆಕೆಂಡಿನ ಲೆಕ್ಕವನ್ನೇ. ಮಂತ್ರ ಹಾಕಿದ ಕೂಡಲೇ ನುಂಗಿದರೆ ಸೆಟ್ ಕೊಟ್ಟ ಐದನೇ ಟಿಕ್ ಮಣ್ಣುಪಾಲು. ಹಾಗಾಗಿ ಸ್ಟಾರ್ಮ್‌ರೇಜ್ ತೊಟ್ಟ ಡ್ರೂಯಿಡ್ ಆದಷ್ಟು ಟಿಕ್ ಬೀಳಲು ಬಿಟ್ಟು, ಕೊನೆಯ ಹಂತದಲ್ಲಿ ಸ್ವಿಫ್ಟ್‌ಮೆಂಡ್ ಒತ್ತುವುದು ಜಾಣತನ. ಟ್ಯಾಂಕ್ ಸಾಯುವಂತಿದ್ದರೆ ಮಾತ್ರ ಈ ಜಾಣತನ ಬದಿಗಿಟ್ಟು ಒತ್ತಲೇಬೇಕು. ಎರಡು ವಿವರಣೆಗಳನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗೆ ಮಾತ್ರ ಇದು ಹೊಳೆಯುತ್ತದೆ.

856 ಮತ್ತು 735

ಈ ಇಡೀ ವಿಷಯವನ್ನು ಒಂದೇ ಉದಾಹರಣೆಯಲ್ಲಿ ತೋರಿಸು ಎಂದರೆ ನಾನು ಆರಿಸುವುದು 2008ರ ನವೆಂಬರ್‌ನಲ್ಲಿ ಬಂದ ರಾತ್ ಆಫ್ ದ ಲಿಚ್ ಕಿಂಗ್ ವಿಸ್ತರಣೆಯ ಕಾಲದ ಡ್ರೂಯಿಡ್ ಲೆಕ್ಕವನ್ನು. ಅದಕ್ಕೆ ಮುಂಚೆ ಶೇಕಡಾವಾರು ಹೇಗೆ ಕೂಡುತ್ತದೆ ಎಂಬುದು ತಿಳಿದಿರಬೇಕು. ಜವಳಿ ಅಂಗಡಿಯ ಬೋರ್ಡಿನಲ್ಲಿ ‘20% + 10% ರಿಯಾಯಿತಿ’ ಎಂದಿದ್ದರೆ ನಿಜವಾಗಿ ಸಿಗುವುದು 28%, ಯಾಕೆಂದರೆ ಎರಡನೆಯದು ಈಗಾಗಲೇ ಇಳಿದ ಬೆಲೆಯ ಮೇಲೆ ಲೆಕ್ಕವಾಗುತ್ತದೆ. ಏರಿಕೆಯಲ್ಲಿ ಇದು ತಿರುಗುಮುರುಗು: 20% ಏರಿದ್ದರ ಮೇಲೆ 10% ಏರಿದರೆ 30% ಅಲ್ಲ, 32%. ಹೇಸ್ಟ್, ಅಂದರೆ ಮಂತ್ರ ಹಾಕುವ ವೇಗ, ಈ ಆಟದಲ್ಲಿ ಹೀಗೇ ಒಂದರ ಮೇಲೊಂದು ಗುಣಿಸುತ್ತ ಹೋಗುತ್ತದೆ.

ಆಗಿನ ನಿಯಮದಂತೆ ಹೇಸ್ಟ್ ಏರಿದಂತೆ 1.5 ಸೆಕೆಂಡಿನ ಜಿಸಿಡಿ ಕೂಡ ಇಳಿಯುತ್ತಿತ್ತು, ಆದರೆ 1 ಸೆಕೆಂಡಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. 25 ಜನರ ರೇಡ್‌ನಲ್ಲಿ ಡ್ರೂಯಿಡ್‌ನ ಕೆಲಸ ಸಿಕ್ಕಸಿಕ್ಕವರ ಮೇಲೆ ರಿಜುವೆನೇಶನ್ ಹಾಕುತ್ತ ಹೋಗುವುದು. ಒಂದು ಟ್ಯಾಲೆಂಟ್‌ನ ನೆರವಿನಿಂದ ಅದರ ಅವಧಿ 18 ಸೆಕೆಂಡು ಆಗಿತ್ತು. ಜಿಸಿಡಿ 1 ಸೆಕೆಂಡಿಗೆ ಬಂದರೆ ಒಂದೇ ಕಾಲಕ್ಕೆ 18 ಜನರ ಮೇಲೆ ಅದನ್ನು ಉಳಿಸಿಕೊಳ್ಳಬಹುದು, 1.5 ಇದ್ದರೆ 12 ಜನ. ಹಾಗಾಗಿ ಎಲ್ಲ ಡ್ರೂಯಿಡ್‌ಗಳ ಗುರಿ ಆ 1 ಸೆಕೆಂಡು.

ಅದಕ್ಕೆ ಒಟ್ಟು ವೇಗ 1.5 ಪಟ್ಟು ಆಗಬೇಕು. ಗಿಫ್ಟ್ ಆಫ್ ದಿ ಅರ್ತ್‌ಮದರ್ ಟ್ಯಾಲೆಂಟ್‌ನಿಂದ 10% ಬಂತು. ಜೊತೆಗಿರುವ ಶಾಮನ್‌ನ ರಾತ್ ಆಫ್ ಏರ್ ಟೋಟೆಮ್‌ನಿಂದ 5%. ಪ್ಯಾಲಡಿನ್ ಅಥವಾ ಇನ್ನೊಬ್ಬ ಡ್ರೂಯಿಡ್‌ನ ನೆರವಿನಿಂದ 3%. ಮೂರನ್ನೂ ಗುಣಿಸಿದರೆ 1.1897. ಉಳಿದದ್ದನ್ನು ಗೇರ್ ತುಂಬಬೇಕು: 1.5ನ್ನು 1.1897ರಿಂದ ಭಾಗಿಸಿದರೆ 1.2608, ಅಂದರೆ ಗೇರ್‌ನಿಂದ 26.08% ಹೇಸ್ಟ್. 80ನೇ ಲೆವೆಲ್‌ನಲ್ಲಿ 1% ಹೇಸ್ಟ್‌ಗೆ 32.79 ರೇಟಿಂಗ್ ಬೇಕು. ಗುಣಿಸಿದರೆ ಬರುವ ಸಂಖ್ಯೆ 856.

ಸೆಲೆಸ್ಟಿಯಲ್ ಫೋಕಸ್ ಎಂಬ ಟ್ಯಾಲೆಂಟ್‌ಗೆ ಮೂರು ಪಾಯಿಂಟ್ ಹಾಕಿದರೆ ಇನ್ನೊಂದು 3% ಹೇಸ್ಟ್. ಆಗ ಗೇರ್ ತುಂಬಬೇಕಾದದ್ದು 22.41%, ಅಂದರೆ 735 ರೇಟಿಂಗ್. ಆ ದಿನಗಳ ಡ್ರೂಯಿಡ್‌ಗಳಿಗೆ ಈ ಎರಡು ಸಂಖ್ಯೆಗಳು ಮಗ್ಗಿಯಂತೆ ಬಾಯಿಪಾಠವಾಗಿದ್ದವು. ಮೂರು ಟ್ಯಾಲೆಂಟ್ ಪಾಯಿಂಟ್ ಎಂದರೆ 121 ಹೇಸ್ಟ್ ರೇಟಿಂಗ್. ಅಷ್ಟನ್ನು ಗೇರ್‌ನಿಂದ ಬಿಡಿಸಿಕೊಂಡು ಅದೇ ಜಾಗದಲ್ಲಿ ಹೀಲಿಂಗ್ ಬಲವನ್ನೋ ಸ್ಪಿರಿಟ್ ಅನ್ನೋ ತೊಡಬಹುದು.

ಗಡಿ ದಾಟಿದರೆ? ರಿಜುವೆನೇಶನ್‌ಗೆ ಹಾಕುವ ಕಾಲವೇ ಇಲ್ಲ, ಒತ್ತಿದ ಕ್ಷಣ ಬೀಳುತ್ತದೆ. ಜಿಸಿಡಿ 1 ಸೆಕೆಂಡಿಗೆ ನಿಂತಿದೆ. ಹೀಗಾಗಿ 856ರ ಮೇಲೆ ಹೇಸ್ಟ್ ತೊಟ್ಟರೆ ಆ ಮಂತ್ರಕ್ಕೆ ಏನೂ ಸಿಗದು. ಅದೇ ಉಡುಗೆ 800 ಇರುವವರಿಗೆ ಬಂಗಾರ, 900 ಇರುವವರಿಗೆ ಭಾರ. ಇನ್ನೂ ಒಂದು: ಆ ದಿನ ರೇಡ್‌ಗೆ ಶಾಮನ್ ಬರಲಿಲ್ಲ ಎನ್ನಿ. ಟೋಟೆಮ್‌ನ 5% ಹೋಯಿತು, ಬೇಕಾದ ರೇಟಿಂಗ್ ಸಾವಿರ ದಾಟಿತು. ನಿಮ್ಮ ಗೇರ್ ಸಾಕೋ ಸಾಲದೋ ಎಂಬುದನ್ನು ನಿಮ್ಮ ಟ್ಯಾಲೆಂಟ್ ಅಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರ ಟ್ಯಾಲೆಂಟ್ ಕೂಡ ತೀರ್ಮಾನಿಸುತ್ತಿತ್ತು. ಹೀಲರ್ ಒಂಟಿಯಾಗಿ ಲೆಕ್ಕ ಹಾಕಲು ಸಾಧ್ಯವೇ ಇಲ್ಲ ಎಂದು ನಾನು ಹೇಳುವುದು ಇದಕ್ಕೇ.

ಅದೇ ವಿಸ್ತರಣೆಯಲ್ಲಿ, 3.2 ಪ್ಯಾಚ್‌ನ ಒಂಬತ್ತನೇ ಸೆಟ್ ಇನ್ನೊಂದು ಬದಲಾವಣೆ ತಂದಿತು. ಅಲ್ಲಿಯವರೆಗೆ ರಿಜುವೆನೇಶನ್ ಟಿಕ್‌ಗಳಿಗೆ ಕ್ರಿಟ್ ಇರಲಿಲ್ಲ. ಗೇರ್ ಮೇಲಿನ ಕ್ರಿಟ್ ಡ್ರೂಯಿಡ್‌ಗೆ ಬಹುತೇಕ ಬೇಡದ ಅಂಕಿ. ಆ ಸೆಟ್‌ನ ನಾಲ್ಕು ತುಂಡು ತೊಟ್ಟರೆ ಟಿಕ್‌ಗಳೂ ಕ್ರಿಟ್ ಆಗತೊಡಗಿದವು. ನಿನ್ನೆಯವರೆಗೆ ಕಡೆಗಣಿಸಿದ್ದ ಸಾಮಾನು ಆ ನಾಲ್ಕನೇ ತುಂಡು ತೊಟ್ಟ ಕೂಡಲೇ ಬೆಲೆ ಪಡೆಯಿತು.

ಮೆಟ್ಟಿಲು ಹೋಗಿ ಇಳಿಜಾರು ಬಂತು

2010ರ ಡಿಸೆಂಬರ್‌ನಲ್ಲಿ ಬಂದ ಕ್ಯಾಟಕ್ಲಿಸಮ್ ವಿಸ್ತರಣೆ ಹೇಸ್ಟ್‌ಗೆ ಮೆಟ್ಟಿಲುಗಳನ್ನು ಕಟ್ಟಿತು. ಹೇಸ್ಟ್ ಒಂದು ಮಟ್ಟ ಮುಟ್ಟಿದಾಗ ಮಾತ್ರ ಇನ್ನೊಂದು ಟಿಕ್ ಸೇರುತ್ತಿತ್ತು. ನಾಲ್ಕು ಟಿಕ್‌ನ ಮಂತ್ರಕ್ಕೆ ಐದನೆಯದು ಬರಬೇಕಾದರೆ 12.5%. ಅದರಲ್ಲಿ 5% ರೇಡ್‌ನ ನೆರವಿನಿಂದ ಬಂದರೆ ಗೇರ್‌ನಿಂದ 7.14% ಸಾಕು. 7% ಇದ್ದವರು ಮೆಟ್ಟಿಲ ಕೆಳಗೇ, 7.2% ಇದ್ದವರು ಮೇಲೆ. ಕೂದಲೆಳೆಯ ಅಂತರಕ್ಕೆ ಇಡೀ ಗೇರ್ ಬದಲಿಸುವ ಪರದಾಟ ಶುರುವಾಯಿತು. 2014ರ ಅಕ್ಟೋಬರ್‌ನ 6.0.2 ಪ್ಯಾಚ್‌ನಲ್ಲಿ ಈ ಮೆಟ್ಟಿಲುಗಳನ್ನು ತೆಗೆದು, ಕೊನೆಯ ಟಿಕ್ ಅರ್ಧವೋ ಕಾಲೋ ಆಗಿ ಬೀಳುವಂತೆ ಮಾಡಿದರು. ಒಳ್ಳೆಯ ತೀರ್ಮಾನ. ಲೆಕ್ಕ ಇರಬೇಕು, ಆದರೆ ಆಟಗಾರರು ಆಟಕ್ಕಿಂತ ಹೆಚ್ಚು ಹೊತ್ತು ಲೆಕ್ಕದ ಹಾಳೆಯ ಮುಂದೆ ಕೂರುವಂತಾಗಬಾರದು.

2016ರ ಲೀಜನ್ ವಿಸ್ತರಣೆಯಲ್ಲಿ ಡ್ರೂಯಿಡ್‌ಗೆ ಹಾರ್ಮನಿ ಎಂಬ ಮಾಸ್ಟರಿ (ಗೇರ್‌ನಿಂದ ಬೆಳೆಯುವ ಇನ್ನೊಂದು ಗುಣ) ಹೊಸ ರೂಪದಲ್ಲಿ ಬಂತು. ಒಬ್ಬರ ಮೈಮೇಲೆ ನಿಮ್ಮ ಎಷ್ಟು ಬಗೆಯ ನಿಧಾನದ ಹೀಲ್ ಇವೆಯೋ, ಅವುಗಳಲ್ಲಿ ಒಂದೊಂದಕ್ಕೂ ನಿಮ್ಮ ಹೀಲಿಂಗ್ ಇಂತಿಷ್ಟು ಶೇಕಡಾ ಏರುತ್ತದೆ. ಗೇರ್‌ನ ಮಾಸ್ಟರಿ ಒಂದೊಂದಕ್ಕೂ 10% ಕೊಡುತ್ತಿದೆ, ಹೊಸ ಸಾಮಾನು ಅದನ್ನು 12%ಕ್ಕೆ ಏರಿಸುತ್ತದೆ ಎಂದುಕೊಳ್ಳಿ. ಮೈಮೇಲೆ ಒಂದೇ ಹೀಲ್ ಇದ್ದರೆ 110 ಇದ್ದದ್ದು 112 ಆಗುತ್ತದೆ, ಲಾಭ ಎರಡು. ಅದೇ ನಾಲ್ಕು ಇದ್ದರೆ 140 ಇದ್ದದ್ದು 148, ಲಾಭ ಎಂಟು. ಒಬ್ಬರ ಮೇಲೇ ಎರಡು ರಿಜುವೆನೇಶನ್ ಹಾಕಲು ಬಿಡುವ ಜರ್ಮಿನೇಶನ್, ನೆಲದ ಹಸುರಿನಿಂದ ಇನ್ನೊಂದು ಹೀಲ್ ಅಂಟಿಸುವ ಸ್ಪ್ರಿಂಗ್ ಬ್ಲಾಸಮ್ಸ್‌ನಂಥ ಟ್ಯಾಲೆಂಟ್‌ಗಳು ಆ ನಾಲ್ಕನ್ನು ತಲುಪಿಸುತ್ತವೆ. ಅವನ್ನು ಆಯ್ದವರು ಮಾಸ್ಟರಿ ಹುಡುಕಬೇಕು. ಆಯದೆ ಮಾಸ್ಟರಿ ತೊಟ್ಟವರು ಸಾಮಾನಿನ ಬಹುಪಾಲನ್ನು ಬಳಸುತ್ತಲೇ ಇಲ್ಲ. ಅದರಲ್ಲೂ ಐದು ಜನರ ಗುಂಪಿನಲ್ಲಿ ಒಬ್ಬೊಬ್ಬರ ಮೇಲೂ ಮೂರು ನಾಲ್ಕು ಹೀಲ್ ಇರಿಸಲು ಸಾಧ್ಯ, ದೊಡ್ಡ ರೇಡ್‌ನಲ್ಲಿ ಕಷ್ಟ. ಅದೇ ಗೇರ್, ಅದೇ ಟ್ಯಾಲೆಂಟ್, ಆದರೆ ಜಾಗ ಬದಲಾದರೆ ಫಲ ಬೇರೆ.

ಈಗ ಸೆಟ್‌ಗಳು ಎರಡು ಮತ್ತು ನಾಲ್ಕು ತುಂಡಿಗೆ ಬೋನಸ್ ಕೊಡುತ್ತವೆ. ನಡುವೆ ಕೆಲವು ವರ್ಷ ವರ್ಗವಾರು ಸೆಟ್‌ಗಳೇ ಇರಲಿಲ್ಲ. 2022ರ ಫೆಬ್ರುವರಿಯ 9.2 ಪ್ಯಾಚ್‌ನಲ್ಲಿ ಮರಳಿದವು. ಈ ಸೆಟ್‌ಗಳಲ್ಲಿ ಅದೇ ಶಿರಸ್ತ್ರಾಣ ಹೋಲಿ ದಾರಿಯ ಪ್ರೀಸ್ಟ್‌ಗೆ ಒಂದು ಬೋನಸ್ ಕೊಡುತ್ತದೆ, ಡಿಸಿಪ್ಲಿನ್ ದಾರಿ ಹಿಡಿದರೆ ಬೋನಸ್ ತಾನಾಗಿ ಬದಲಾಗುತ್ತದೆ. ಹಿಂದೆ ಆಟಗಾರರು ತಲೆ ಕೆಡಿಸಿಕೊಂಡು ಹೊಂದಿಸುತ್ತಿದ್ದ ಜೋಡಿಯನ್ನು ಈಗ ಆಟವೇ ಒಂದು ಮಟ್ಟಕ್ಕೆ ಹೊಂದಿಸಿಕೊಡುತ್ತದೆ. ಇದರಿಂದ ಹೊಸಬರಿಗೆ ಅನುಕೂಲವಾಗಿದೆ, ಸಂತೋಷ. ಆದರೆ ಸ್ಟಾರ್ಮ್‌ರೇಜ್ ಮತ್ತು ಸ್ವಿಫ್ಟ್‌ಮೆಂಡ್‌ನಂಥ ಜೋಡಿಗಳನ್ನು ತಾವೇ ಕಂಡುಕೊಳ್ಳುವ ಖುಷಿ ಅಷ್ಟರಮಟ್ಟಿಗೆ ಕಡಿಮೆಯಾಗಿದೆ ಎಂಬುದನ್ನೂ ಹೇಳಲೇಬೇಕು.

ನಮ್ಮ ಕಡೆಯಿಂದ ಆಡುವವರು ಒಂದು ಮಾತನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಈ ಆಟಕ್ಕೆ ಭಾರತದಲ್ಲಿ ಸರ್ವರ್ ಇಲ್ಲ. ಬೆಂಗಳೂರಿನಲ್ಲಿ ಕುಳಿತು ಒತ್ತಿದ ಗುಂಡಿ ಕಡಲಾಚೆ ಹೋಗಿ ಬರಬೇಕು. ಟ್ಯಾಂಕ್‌ನ ಜೀವ ಇಳಿದದ್ದು ನಿಮಗೆ ತಡವಾಗಿ ಕಾಣುತ್ತದೆ, ನಿಮ್ಮ ಹೀಲ್ ಅಲ್ಲಿಗೆ ತಡವಾಗಿ ತಲುಪುತ್ತದೆ. ಇಂಥಲ್ಲಿ ಮೊದಲೇ ಹಾಕಿಟ್ಟ ನಿಧಾನದ ಹೀಲ್‌ಗಳನ್ನು ಬಲಪಡಿಸುವ ಗೇರ್ ಮತ್ತು ಟ್ಯಾಲೆಂಟ್‌ಗಳು, ಕಡೇ ಗಳಿಗೆಯ ದೊಡ್ಡ ಹೀಲ್‌ಗಳನ್ನು ಬಲಪಡಿಸುವವಕ್ಕಿಂತ ಹೆಚ್ಚು ನೆರವಿಗೆ ಬರುತ್ತವೆ ಎಂಬುದು ನನ್ನ ಅಭಿಪ್ರಾಯ. ಯುರೋಪಿನ ಆಟಗಾರರಿಗೆ ಹೊಂದುವ ಪಟ್ಟಿ ನಮಗೆ ಹೊಂದಲೇಬೇಕು ಎಂದಿಲ್ಲ.

ಲೆಕ್ಕ ಎಷ್ಟೇ ಹಾಕಿದರೂ ಅದನ್ನು ಒರೆಗೆ ಹಚ್ಚುವುದು ಕಾಳಗದ ದಾಖಲೆ. ಆಟ ಪ್ರತಿ ಹೀಲ್ ಅನ್ನೂ ಬರೆದಿಡುತ್ತದೆ: ಎಷ್ಟು ತಲುಪಿತು, ಎಷ್ಟು ಓವರ್‌ಹೀಲ್ ಆಯಿತು ಎಂದು. ಗೇರ್ ಬದಲಿಸಿ ಒಟ್ಟು ಹೀಲ್ 10% ಏರಿದೆ ಅನಿಸಿದಾಗ ಆ ಏರಿಕೆಯೆಲ್ಲ ಓವರ್‌ಹೀಲ್ ಆಗಿದ್ದರೆ ಗಳಿಸಿದ್ದು ಏನೂ ಇಲ್ಲ. ಹೊಸ ಬೋನಸ್ ಕೊಟ್ಟ ಟಿಕ್‌ಗಳು ಜೀವ ತುಂಬಿದವರ ಮೇಲೇ ಬೀಳುತ್ತಿದ್ದರೆ ತಪ್ಪು ಸಾಮಾನಿನದ್ದಲ್ಲ; ಮಾನಾ ಉಳಿಸುವ ಅಥವಾ ಬೇಗ ತಲುಪಿಸುವ ಟ್ಯಾಲೆಂಟ್‌ನತ್ತ ಪಾಯಿಂಟ್ ತಿರುಗಿಸಬೇಕು ಎಂಬ ಸೂಚನೆ ಅದು.

ಹೊಸದಾಗಿ ಹೀಲರ್ ಆಗುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಅತ್ಯುತ್ತಮ ಗೇರ್ ಪಟ್ಟಿಗಳನ್ನು ನಕಲು ಮಾಡುವ ಮುನ್ನ ಆ ಪಟ್ಟಿ ಯಾವ ಟ್ಯಾಲೆಂಟ್ ಮೇಲೆ ನಿಂತಿದೆ, ಎಷ್ಟು ಜನರ ರೇಡ್‌ಗೆ ಬರೆದದ್ದು, ಜೊತೆಗೆ ಯಾರಿರಬೇಕು ಎಂದು ನೋಡಿ. ಸೆಟ್ ಬೋನಸ್‌ನ ವಾಕ್ಯವನ್ನೂ ಟ್ಯಾಲೆಂಟ್‌ನ ವಾಕ್ಯವನ್ನೂ ಒಟ್ಟಿಗೆ ತೆರೆದಿಟ್ಟು, ಸೆಕೆಂಡು ಮತ್ತು ಶೇಕಡಾ ಇರುವ ಕಡೆಯಲ್ಲೆಲ್ಲ ನಿಂತು ಓದಿ. ಮೊದಲು ಟ್ಯಾಲೆಂಟ್ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಅದಕ್ಕೆ ತಕ್ಕ ಗೇರ್ ಕೇಳಿ.